ಕಂಪ್ಯೂಟರಿನ ಹಗ್ಗ

ನನ್ನ ಕಂಪ್ಯೂಟರನ್ನು ಕೊಂದದ್ದು ತೆಂಗಿನಕಾಯಿಯ ನೀರು. ಈಗ ಇದನ್ನು ಹೀಗೆ ನೇರವಾಗಿ ಬರೆಯಬಹುದು. ಆಗ ನಮ್ಮ ಮನೆಯಲ್ಲಿ ಈ ಮಾತನ್ನು ಬಾಯಿಬಿಟ್ಟು ಆಡುವಂತಿರಲಿಲ್ಲ. ಯಾಕೆಂದರೆ ಆ ನೀರು ಹಾಕಿದವರು ನಮ್ಮ ಅತ್ತೆ, ಮತ್ತು ನಮ್ಮ ಅತ್ತೆ ಯಾವತ್ತೂ ತಪ್ಪು ಮಾಡಿದವರಲ್ಲ.

ಬೈಲಹೊಂಗಲದ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ನಾನು ಡಿಟಿಪಿ ಕೆಲಸ ಮಾಡುತ್ತಿದ್ದೆ. ತೊಂಬತ್ತರ ದಶಕದಲ್ಲಿ, ಮದುವೆಗೆ ಮೊದಲು, ತವರೂರು ಕಿತ್ತೂರಿನಲ್ಲಿ ಟೈಪಿಂಗ್ ಕಲಿತಿದ್ದೆ. ಮದುವೆಯಾಗಿ ಬಂದ ಮೇಲೆ ಆ ಬೆರಳುಗಳು ರೊಟ್ಟಿ ಬಡಿಯುವುದಕ್ಕಷ್ಟೇ ಮೀಸಲಾದವು. ಎರಡು ಸಾವಿರದ ಇಸವಿ ದಾಟಿದ ಮೇಲೆ ಬಜಾರದ ಪ್ರಿಂಟಿಂಗ್ ಪ್ರೆಸ್ಸಿನವರು ಅಚ್ಚುಮೊಳೆ ಜೋಡಿಸುವುದನ್ನು ಬಿಟ್ಟು ಕಂಪ್ಯೂಟರಿನಲ್ಲಿ ಮಾಡಿದ್ದನ್ನೇ ಕೇಳತೊಡಗಿದರು. ಆಗ ತವರಿನವರು ಕೊಟ್ಟಿದ್ದ ಬಳೆ ಮಾರಿ ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ತಂದು ಆ ಖೋಲಿಯಲ್ಲಿಟ್ಟೆ. ಲಗ್ನಪತ್ರಿಕೆ, ಸೊಸೈಟಿಯ ವರದಿ, ಸಾಲೆಯ ಪ್ರಶ್ನೆಪತ್ರಿಕೆ, ಭಜನಾ ಮಂಡಳಿಯ ಪದಗಳು, ಎಲ್ಲವೂ ಬರುತ್ತಿದ್ದವು. ಲಗ್ನಪತ್ರಿಕೆಯದೇ ದೊಡ್ಡ ತಲೆನೋವು. ಒಬ್ಬ ಸೋದರಮಾವನ ಹೆಸರು ಬಿಟ್ಟುಹೋದರೆ ಲಗ್ನವೇ ಮುರಿಯುತ್ತದೇನೋ ಎಂಬಂತೆ ಎರಡೂ ಕಡೆಯವರು ನನ್ನ ಕುರ್ಚಿಯ ಹಿಂದೆ ನಿಂತು ಜಗಳಾಡುತ್ತಿದ್ದರು.

ಆದರೂ ಆ ಖೋಲಿ ನನಗೆ ಬೇಕಾಗಿತ್ತು. ಅಲ್ಲಿ ಕುಳಿತಾಗ ನನ್ನನ್ನು ಯಾರೂ ಇಂಥವರ ಸೊಸೆ, ಇಂಥವರ ಹೆಂಡತಿ ಎನ್ನುತ್ತಿರಲಿಲ್ಲ. ‘ಮೇಡಮ್ಮಾರ’ ಎನ್ನುತ್ತಿದ್ದರು. ಆ ಒಂದು ಶಬ್ದಕ್ಕಾಗಿ ಎಷ್ಟೋ ಸೋದರಮಾವಂದಿರನ್ನು ಸಹಿಸಿದ್ದೇನೆ.

ಆ ಖೋಲಿಯ ಮೇಲೆ ನಮ್ಮ ಬಾವನ ಕಣ್ಣಿತ್ತು. ನನ್ನ ಗಂಡನ ಅಣ್ಣ, ಮನೆಯ ಯಜಮಾನ. ಪೈಪು, ಪಂಪ್‌ಸೆಟ್ಟು ಮಾರುವ ಪರಿಚಯದ ವ್ಯಾಪಾರಿಯೊಬ್ಬ ರಸ್ತೆಗೆ ಹತ್ತಿದ ಜಾಗ ಹುಡುಕುತ್ತಿದ್ದ. ನಾನು ಒಳಗೆ ಕುಳಿತು ಟಕಟಕ ಟೈಪ್ ಮಾಡುತ್ತಿರುವಾಗಲೇ ಬಾವ ಬಾಗಿಲಲ್ಲಿ ನಿಂತು ಅವನಿಗೆ ಹೇಳುತ್ತಿದ್ದರು: “ಖೋಲಿ ಸುಮ್ನ ಬಿದ್ದೈತಿ ನೋಡ್ರಿ.” ಸುಮ್ಮನೆ ಬಿದ್ದ ಖೋಲಿಯೊಳಗೆ ನಾನೂ ಇದ್ದೇನೆ ಎಂದು ಕೂಗಬೇಕೆನಿಸುತ್ತಿತ್ತು. ನನ್ನ ಗಂಡ ಅಣ್ಣನ ಮುಂದೆ ಬಾಯಿ ತೆರೆಯುವುದು ಊಟಕ್ಕೆ ಮಾತ್ರ.

ಆ ವರ್ಷ ದಸರೆಯ ಖಂಡೇಪೂಜೆಯ ದಿನ ಅತ್ತೆ ಬೆಳಿಗ್ಗೆಯೇ ಮಡಿಯುಟ್ಟು ಮನೆಯ ಕಬ್ಬಿಣವೆಲ್ಲವನ್ನೂ ಪೂಜಿಸುತ್ತ ಬಂದರು. ಕುಡಗೋಲು, ಈಳಿಗೆ, ಹೊಲಿಗೆ ಮಷಿನ್ನು, ಬಾವನ ಮೋಟಾರ್‌ಸೈಕಲ್, ಕೊನೆಗೆ ಗ್ಯಾಸ್ ಸಿಲಿಂಡರು ಕೂಡ. ನಾನು ಅವಸರದ ಒಂದು ಪತ್ರಿಕೆಯನ್ನು ಪ್ರಿಂಟಿಗೆ ಹಾಕಿದ್ದೆ, ಮಷಿನ್ ಚಾಲೂ ಇತ್ತು. ಅತ್ತೆ ಒಳಗೆ ಬಂದು ಪರದೆಗೆ ಮೂರು ಬೆರಳಿನ ವಿಭೂತಿ ಬಳಿದರು, ಕುಂಕುಮವಿಟ್ಟರು, ಚೆಂಡುಹೂವಿನ ಮಾಲೆ ಹಾಕಿದರು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕಾಯಿ ಒಡೆದು, ನೇಗಿಲಿಗೆ ಹಾಕುವಂತೆ, ಅದರ ನೀರನ್ನು ಪೆಟ್ಟಿಗೆಯ ತಲೆಯ ಮೇಲೆ ಸುರಿದೇಬಿಟ್ಟರು. ಹಿಂದಿನ ತೂತುಗಳಿಂದ ನೀರು ಒಳಗಿಳಿಯಿತು. ಚಟ್ ಎಂದಿತು, ಸುಟ್ಟ ವಾಸನೆ ಬಂತು, ಪರದೆ ಕಪ್ಪಾಯಿತು.

“ಯಾರದೋ ದೃಷ್ಟಿ ಇತ್ತು. ಅದ ಹೋತು ನೋಡು,” ಎಂದರು ಅತ್ತೆ.

ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಹಬ್ಬದ ದಿನ, ಕೈಯಲ್ಲಿ ಆರತಿ ತಟ್ಟೆ ಹಿಡಿದ ಅತ್ತೆಗೆ ಏನು ಹೇಳುವುದು? ರಿಪೇರಿಯವನು ಮರುದಿನ ಬಂದು ಮುಚ್ಚಳ ಬಿಚ್ಚಿ, ಒಳಗೆ ಅಂಟಿದ್ದ ಚೆಂಡುಹೂವಿನ ಎಸಳೊಂದನ್ನು ಹೊರತೆಗೆದು ನನ್ನ ಕೈಗಿಟ್ಟ. “ಇದರಾಗ ಇನ್ನೇನೂ ಉಳದಿಲ್ಲರಿ ಮೇಡಮ್ಮಾರ. ಬ್ಯಾರೇದ ನೋಡ್ರಿ,” ಎಂದ. ಬೇರೆಯದನ್ನು ಹೊಸದಾಗಿ ಕೊಳ್ಳುವ ತ್ರಾಣ ನನಗಿರಲಿಲ್ಲ. ಮಾರಲು ಇನ್ನೊಂದು ಜೋಡಿ ಬಳೆಯೂ ಇರಲಿಲ್ಲ.

ಬಾವನಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕಿರಲಿಲ್ಲ. ಅಂದೇ ಊಟಕ್ಕೆ ಕುಳಿತಾಗ ಹೇಳಿದರು: “ದೀಪಾವಳಿ ಪಾಡ್ಯಾದ ದಿನ ಅವ್ರು ಅಂಗಡಿ ಪೂಜಾ ಮಾಡಬೇಕಂತಾರ. ಅಷ್ಟರಾಗ ನಿನ್ನ ಮಷಿನ್ ಚಾಲೂ ಆತು, ನೀ ಕುಂದರು. ಆಗ್ಲಿಲ್ಲ, ಖೋಲಿ ಅವ್ರಿಗೆ.” ನನ್ನ ಗಂಡ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ಹಾಗೆ ಹಳೆಯ ಕಂಪ್ಯೂಟರಿನ ಬೇಟೆ ಶುರುವಾಯಿತು. ಒಬ್ಬಳೇ ಹೋಗುತ್ತೇನೆಂದರೆ ಅತ್ತೆ ಬಿಡಲಿಲ್ಲ. “ನಾನೂ ಬರತೇನಿ. ಹಳೇದು ತಗೊಳ್ಳೂದು ನಿನಗ ಏನ್ ಗೊತ್ತೈತಿ?” ಎಂದು ಚೀಲ ಹಿಡಿದು ನಿಂತರು. ಮಾವನವರು ತೀರಿಕೊಂಡ ಮೇಲೆ ಮನೆಯ ಎತ್ತು, ಎಮ್ಮೆಗಳ ವ್ಯಾಪಾರವನ್ನೆಲ್ಲ ಅವರೇ ಮಾಡಿದ್ದರು. ಕಂಪ್ಯೂಟರ್ ಎಂದರೂ ಅವರ ಕಣ್ಣಿಗೆ ಹಾಲು ಕೊಡುವ ಇನ್ನೊಂದು ಪ್ರಾಣಿಯೇ.

ಮೊದಲು ಕಿತ್ತೂರಿಗೆ ಹೋದೆವು. ಅಲ್ಲೊಬ್ಬರು ಕಂಪ್ಯೂಟರ್ ಕ್ಲಾಸು ಮುಚ್ಚಿ ಸಾಮಾನು ಮಾರುತ್ತಿದ್ದಾರೆಂದು ತವರಿನ ಕಡೆಯಿಂದ ಸುದ್ದಿ ಬಂದಿತ್ತು. ತೋರಿಸಿದ ಮಷಿನ್ ಹೊರಗಿನಿಂದ ಮದುಮಗನಂತೆ ಥಳಥಳಿಸುತ್ತಿತ್ತು. ಅತ್ತೆ ಎರಡೂ ಕೈಯಿಂದ ಎತ್ತಿ ಭಾರ ನೋಡಿದರು. “ಇದು ಹಗರ ಐತಿ. ಒಳಗ ಏನೂ ಇಲ್ಲ,” ಎಂದರು. ನಾನು ನಾಚಿಕೆಯಿಂದ ಅವರ ಸೆರಗು ಜಗ್ಗಿದೆ. ಮುಚ್ಚಳ ತೆಗೆಸಿದಾಗ ನಿಜಕ್ಕೂ ಒಳಗೆ ಏನೂ ಇರಲಿಲ್ಲ, ಇಲಿ ಹರಿದುಹಾಕಿದ ಕಾಗದದ ಗೂಡು ಮಾತ್ರ. ಮಾರುವವನು ಆ ಇಲಿಯ ಮೇಲೆಯೇ ಸಿಟ್ಟಾದಂತೆ ನಟಿಸಿದ. ಅತ್ತೆ ಬೈಲಹೊಂಗಲ ಬರುವವರೆಗೂ ಬಸ್ಸಿನಲ್ಲಿ ಗೆದ್ದ ಮುಖ ಮಾಡಿಕೊಂಡು ಕುಳಿತಿದ್ದರು, ಅದನ್ನು ನೋಡಿ ನನಗೆ ಇನ್ನಷ್ಟು ಉರಿಯಿತು.

ಆಮೇಲೆ ಸವದತ್ತಿ. ಸೀಗಿಹುಣ್ಣಿಮೆಯ ಹೊತ್ತು, ಎಲ್ಲಮ್ಮನ ಗುಡ್ಡಕ್ಕೆ ಹೊರಟವರಿಂದ ಬಸ್ಸು ತುಂಬಿ ಬಿರಿಯುತ್ತಿತ್ತು. ಮನೋಳಿ ದಾಟುವವರೆಗೆ ಒಂದೇ ಕಾಲ ಮೇಲೆ ನಿಂತಿದ್ದೆ. ಇಂಟರ್‌ನೆಟ್ ಅಂಗಡಿಯವನು ಮಷಿನ್ ತೋರಿಸಿದ, ಆದರೆ ಕರೆಂಟ್ ಇರಲಿಲ್ಲ. “ನನ್ನ ಮ್ಯಾಲ ನಂಬಿಕಿ ಇಟ್ಟು ತಗೊಂಡ ಹೋಗ್ರಿ,” ಎಂದ. “ಹಿಂಡಿ ನೋಡದ ಎಮ್ಮಿ ತಗೊಳ್ಳಾಕ ಬಂದೀವೇನ್ರಿ?” ಎಂದು ಅತ್ತೆ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಎಲೆಅಡಿಕೆ ತೆಗೆದರು. ಮಧ್ಯಾಹ್ನವೆಲ್ಲ ಕಾದೆವು. ಕರೆಂಟ್ ಬಂದಾಗ ಮಷಿನ್ ಚಾಲೂ ಆಗಿ, ಪರದೆಯ ತುಂಬ ನೀಲಿ ಬಣ್ಣ ಬಂದು, ಅಲ್ಲಿಗೇ ನಿಂತಿತು. ಅದು ಸಾಯುವ ಮಷಿನ್ನಿನ ಬಣ್ಣವೆಂದು ನನಗೆ ಗೊತ್ತಿತ್ತು. ಅಂಗಡಿಯವನು ಮಾತ್ರ ಖುಷಿಯಿಂದ ಹೇಳಿದ: “ನೀಲಿ ಬಂತಲ್ರಿ! ಅಂದ್ರ ಜೀವ ಐತಿ.”

ತಿರುಗಿ ಬರುವ ಬಸ್ಸಿನಲ್ಲಿ ನಾನು ಕಿಟಕಿಗೆ ತಲೆಯಿಟ್ಟು ಕುಳಿತೆ. ಅತ್ತೆ ನಮ್ಮ ಕಷ್ಟವನ್ನು ಇಡೀ ಬಸ್ಸಿಗೆ ಹೇಳತೊಡಗಿದರು, ಹೆಣ್ಣು ಹುಡುಕಲು ಹೊರಟವರಂತೆ. “ಕಂಪ್ಯೂಟರ್ ಬೇಕಾಗೇತ್ರಿ, ಹಳೇದು ಆದ್ರೂ ನಡೀತೈತಿ, ರೋಗ ಇರಬಾರ್ದು ಅಷ್ಟ.” ಬಸ್ಸಿನಿಂದ ಹಾರಿಬಿಡೋಣ ಎನಿಸಿತು. ಆದರೆ ರಾಮದುರ್ಗದ ಕಡೆಯ ಹೆಂಗಸೊಬ್ಬಳು ಹಿಂದಿನ ಸೀಟಿನಿಂದ ಬಾಗಿ, ತೊರಗಲ್ಲಿನಲ್ಲಿ ಕೋಟೆಯ ಕೆಳಗೆ ಒಂದು ಮನೆಯಿದೆ, ಅಲ್ಲಿಯ ಮಗಳು ಕಂಪ್ಯೂಟರ್ ಕಲಿಸುತ್ತಿದ್ದಳು, ಅವಳ ಲಗ್ನವಾಗಿ ಮಷಿನ್ ಹಾಗೇ ಇದೆ ಎಂದಳು. ಅತ್ತೆ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು.

ನಡುವೆ ನನಗೆ ಜ್ವರ ಬಂತು, ಬಾವನ ಕಡೆಯ ನೆಂಟರು ಬಂದು ಉಳಿದರು, ಅವರಿಗೆ ಹೋಳಿಗೆ ಮಾಡುವುದರಲ್ಲಿ ದಿನ ಹೋದವು. ತೊರಗಲ್ಲಿಗೆ ಹೋಗುವ ಹೊತ್ತಿಗೆ ಪಾಡ್ಯಕ್ಕೆ ಎರಡೇ ದಿನ ಉಳಿದಿತ್ತು.

ಆ ಮನೆಯಲ್ಲಿದ್ದವಳು ಹುಡುಗಿಯ ತಾಯಿ, ನಮ್ಮ ಅತ್ತೆಯ ವಾರಿಗೆಯವಳು. ಮಷಿನ್ನನ್ನು ಪಡಸಾಲೆಯಲ್ಲಿ ಇಟ್ಟು, ಮೇಲೆ ಕೌದಿ ಹೊದಿಸಿದ್ದಳು. ತುಸು ಹಳೆಯ ಕಾಲದ್ದೇ, ಕೀಬೋರ್ಡ್ ಹಲಗೆಯಂತೆ ದಪ್ಪ, ಅದರ ವಾಯರು ಸುರುಳಿ ಸುರುಳಿಯಾಗಿತ್ತು. ಆದರೆ ಚಾಲೂ ಮಾಡಿದರೆ ಒಂದು ಚೂರೂ ತಕರಾರಿಲ್ಲದೆ ಎದ್ದು ನಿಂತಿತು. ನಾನು ಎರಡು ಸಾಲು ಟೈಪ್ ಮಾಡಿದೆ. ನನಗೆ ಕಣ್ಣಲ್ಲಿ ನೀರು ಬಂತು.

ಬೆಲೆಯ ಮಾತು ಬಂದಾಗ ಇಬ್ಬರು ಮುದುಕಿಯರೂ ನನ್ನನ್ನು ಬದಿಗೆ ಸರಿಸಿದರು. ದನದ ಪೇಟೆಯಲ್ಲಿ ದಲಾಲರು ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ದರ ಹೇಳುತ್ತಾರಲ್ಲ, ಹಾಗೆ ಅತ್ತೆ ತಮ್ಮ ಸೆರಗಿನ ಅಡಿಯಲ್ಲಿ ಅವಳ ಕೈ ಹಿಡಿದರು. ಬೆರಳು ಹಿಸುಕುವುದು, ತಲೆ ಅಲ್ಲಾಡಿಸುವುದು, ಮತ್ತೆ ಹಿಸುಕುವುದು. ರೊಕ್ಕ ಕೊಡಬೇಕಾದವಳು ನಾನು, ದರ ಮಾತ್ರ ಸೆರಗಿನ ಕೆಳಗೆ. ಕೊನೆಗೆ ಇಬ್ಬರೂ ನಕ್ಕರು. ಅತ್ತೆ ನನ್ನ ಕಿವಿಯಲ್ಲಿ ಹೇಳಿದ ಮೊತ್ತ ನನ್ನಿಂದ ಆಗುವಂಥದ್ದೇ ಆಗಿತ್ತು. ನಾನು ಟಂಟಂ ಗಾಡಿ ಹುಡುಕಿ ತರುವಷ್ಟರಲ್ಲಿ ಇಬ್ಬರೂ ಸೇರಿ ಎಲ್ಲವನ್ನೂ ಕೌದಿಯಲ್ಲಿ ಸುತ್ತಿ ಎರಡು ಗಂಟು ಮಾಡಿ ಇಟ್ಟಿದ್ದರು. ರಾಮದುರ್ಗದಿಂದ ಬಸ್ಸಿನಲ್ಲಿ ಒಂದು ಗಂಟು ನನ್ನ ತೊಡೆಯ ಮೇಲೆ, ಒಂದು ಅತ್ತೆಯ ತೊಡೆಯ ಮೇಲೆ. ಲಗೇಜು ಟಿಕೆಟ್ ಹರಿಯಲು ಬಂದ ಕಂಡಕ್ಟರಿಗೆ ಅತ್ತೆ, “ತೊಡಿ ಮ್ಯಾಗ ಕುಂತ ಕೂಸಿಗೆ ಟಿಕೀಟ್ ಹರೀತೀಯೇನಪಾ?” ಎಂದರು. ಅವನು ಹರಿದ.

ಮನೆಗೆ ಬಂದು ಗಂಟು ಬಿಚ್ಚಿದೆ. ಪೆಟ್ಟಿಗೆ ಇತ್ತು, ಪರದೆ ಇತ್ತು, ವಾಯರುಗಳಿದ್ದವು. ಕೀಬೋರ್ಡ್ ಇರಲಿಲ್ಲ. ಕೌದಿಯನ್ನು ಝಾಡಿಸಿದೆ, ಚೀಲ ತಲೆಕೆಳಗು ಮಾಡಿದೆ.

“ಅದನ್ನ ಆಕಿ ಇಟ್ಕೊಂಡ್ಳು,” ಎಂದರು ಅತ್ತೆ, ಏನೂ ಆಗದವರಂತೆ. “ದನಾ ಮಾರಿದ್ರ ಹಗ್ಗ ಕೊಡ್ತಾರೇನು? ಹಗ್ಗ ಮನ್ಯಾಗ ಉಳದ್ರ ಆ ಗೂಟಕ್ಕ ಮತ್ತೊಂದು ದನಾ ಬರತೈತಿ. ನಾನರ ಕೊಡ್ತಿದ್ನೇನು? ಹೂಂ ಅಂದೆ. ನಿನ್ನ ಹಂತ್ಯಾಕ ಒಂದ್ ಐತೆಲ್ಲ?”

ನನ್ನ ಹತ್ತಿರ ಒಂದು ಇತ್ತು. ಅದರ ಪಿನ್ನು ಸಣ್ಣದು, ಈ ಹಳೆಯ ಪೆಟ್ಟಿಗೆಯ ತೂತು ದೊಡ್ಡದು. ರಿಪೇರಿಯವನನ್ನು ಕರೆದರೆ, ದೊಡ್ಡ ಪಿನ್ನಿನದು ಈಗ ಬೈಲಹೊಂಗಲದಲ್ಲಿ ಎಲ್ಲೂ ಸಿಗುವುದಿಲ್ಲ, ಹುಬ್ಬಳ್ಳಿಯಿಂದ ತರಿಸಬೇಕು, ಹಬ್ಬ ಮುಗಿಯುವವರೆಗೆ ಅಲ್ಲಿ ಅಂಗಡಿ ತೆರೆಯುವುದಿಲ್ಲ ಎಂದ. ಇಷ್ಟು ವರ್ಷ ನುಂಗಿದ್ದೆಲ್ಲ ಆಗ ಹೊರಗೆ ಬಂತು. ಮದುವೆಯಾಗಿ ಬಂದಂದಿನಿಂದ ಮೊದಲ ಸಲ ನಾನು ಅತ್ತೆಯ ಮೇಲೆ ದನಿಯೆತ್ತಿದೆ. “ಮದಲ ನೀರ್ ಹಾಕಿ ಕೊಂದ್ರಿ. ಈಗ ಹಗ್ಗ ಬಿಟ್ಟು ಬಂದ್ರಿ. ಬಾವಾರಿಗೆ ಖೋಲಿ ಕೊಡಬೇಕಂತ ಇದ್ರ ಬಾಯಿ ಬಿಟ್ಟು ಹೇಳ್ರಲಾ, ನನ್ನ ಯಾಕ ಊರೂರು ಅಲೆದಾಡಸಾಕ ಹತ್ತೀರಿ?”

ಅತ್ತೆ ನೆಲಕ್ಕೆ ಬಿದ್ದಿದ್ದ ಕೌದಿಯನ್ನು ಎತ್ತಿ ಮಡಚತೊಡಗಿದರು. ಅವರು ಏನೂ ಅನ್ನದೆ ಇದ್ದದ್ದೂ ನಾನು ಕಂಡಂತೆ ಅದೇ ಮೊದಲು.

ಮರುದಿನ ಅಮಾವಾಸ್ಯೆ. ಮನೆಮನೆಯಲ್ಲಿ ಲಕ್ಷ್ಮೀಪೂಜೆಯ ಗಡಿಬಿಡಿ. ನಾನು ಬೆಳಕು ಹರಿಯುತ್ತಲೇ ನನ್ನ ಕೀಬೋರ್ಡನ್ನು ಚೀಲದಲ್ಲಿ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ಇದು ಅದಕ್ಕೆ ಹೊಂದುವುದಿಲ್ಲ ಎಂದು ಆ ತಾಯಿಗೆ ಕಣ್ಣಿಗೆ ಕಾಣುವಂತೆ ತೋರಿಸಬೇಕಿತ್ತು. ಬಸ್ಸು ಬಿಡುವ ಹೊತ್ತಿಗೆ ಅತ್ತೆಯೂ ಹತ್ತಿ ಬಂದು ನನ್ನ ಪಕ್ಕ ಕುಳಿತರು. ನಾನು ಚೀಲವನ್ನು ಕಿಟಕಿಯ ಕಡೆಗೆ ಸರಿಸಿಕೊಂಡೆ.

ಕೀಬೋರ್ಡ್ ಮುಂದಿನ ಖೋಲಿಯಲ್ಲಿ ಗೋಡೆಯ ಗೂಟಕ್ಕೆ ತೂಗುತ್ತಿತ್ತು. ಆ ತಾಯಿ ನಮ್ಮನ್ನು ಅಲ್ಲಿಗೇ ಕರೆದೊಯ್ದಳು. ಹಿಂದಿನ ಸಲ ನಾನು ಆ ಖೋಲಿ ನೋಡಿರಲಿಲ್ಲ. ನೆಲದಿಂದ ಎದೆಮಟ್ಟದವರೆಗೆ ಶೇಂಗಾದ ಚೀಲಗಳು. ಅವುಗಳ ಮೇಲೆ, ಗೋಡೆಗೆ ಬಳಿದ ಕಪ್ಪು ಹಲಗೆಯಲ್ಲಿ, ಸುಣ್ಣದ ಕಡ್ಡಿಯಿಂದ ಆ ಮಗಳು ಯಾವತ್ತೋ ಬರೆದ ಪಾಠ ಇನ್ನೂ ಇತ್ತು, ಕೆಳಗಿನ ಸಾಲುಗಳನ್ನು ಚೀಲ ಮುಚ್ಚಿದ್ದವು.

“ಆಕಿ ಲಗ್ನ ಆಗಿ ಹೋದ ವಾರಕ್ಕ ನನ್ನ ಮಗಾ ಚೀಲ ತಂದು ಒಟ್ಟಿದ್ರಿ,” ಎಂದಳು ತಾಯಿ. “ಪಂಚಮಿಗೆ ಬಂದಾಕಿ ಬಾಗಲದಾಗ ನಿಂತು ನೋಡಿದ್ಲು. ಒಳಗ ಕಾಲ ಇಡಾಕ ಜಾಗಾ ಇರಲಿಲ್ಲ. ‘ಯವ್ವಾ, ಮಾರಿಬಿಡು ಅದನ್ನ’ ಅಂದು ಹೋದ್ಲು. ಮಾರಿದ್ನ್ರಿ. ಹಗ್ಗಾನೂ ಕೊಟ್ರ ಏನ್ ಉಳೀತು ಹೇಳ್ರಿ?”

ನಾನು ಚೀಲದಿಂದ ನನ್ನ ಕೀಬೋರ್ಡ್ ತೆಗೆದೆ, ಆದರೆ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಬಿರುಸಿನ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಪಿನ್ನು ತೋರಿಸಿ, ಹೊಂದುವುದಿಲ್ಲ ಎಂದಷ್ಟೇ ಹೇಳಿದೆ. ಆಕೆ ತಲೆಯಾಡಿಸಿದಳು. ಆದರೆ ದೀಪಾವಳಿ ಅಮಾವಾಸ್ಯೆಯ ದಿನ ಮನೆಯಿಂದ ಒಂದು ವಸ್ತು ಹೊರಗೆ ಹೋಗುವುದು ಹೇಗೆ ಎಂದು ಹಿಂಜರಿದಳು. ಲಕ್ಷ್ಮಿ ಮನೆಗೆ ಬರುವ ದಿನದ ಆ ಕಟ್ಟಳೆಯನ್ನು ಮೀರುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ.

ಅತ್ತೆ ನನ್ನ ಕೈಯಿಂದ ಕೀಬೋರ್ಡ್ ತೆಗೆದುಕೊಂಡರು. “ಇದು ಒಳಗ ಬರ್ಲಿ. ಅದು ಹೊರಗ ಹೋಗ್ಲಿ. ನಿನ್ನ ಗೂಟ ಖಾಲಿ ಆಗೂದು ಬ್ಯಾಡ ಯಕ್ಕಾ,” ಎಂದರು. ಆ ತಾಯಿ ಗೂಟದಿಂದ ಹಳೆಯದನ್ನು ಇಳಿಸಿದಳು, ಅತ್ತೆ ಅದೇ ಗೂಟಕ್ಕೆ ನನ್ನದನ್ನು ತೂಗುಹಾಕಿದರು. ಎರಡಕ್ಕೂ ಕುಂಕುಮ ಬಿತ್ತು. ನೀರು ಎಲ್ಲೂ ಬೀಳಲಿಲ್ಲ, ನಾನು ನೋಡುತ್ತಲೇ ಇದ್ದೆ.

ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿ, ದಪ್ಪ ಪಿನ್ನನ್ನು ತೂತಿಗೆ ಒತ್ತಿದೆ. ಮಷಿನ್ ಚಾಲೂ ಆಯಿತು. ಕೀಲಿಗಳು ಒಂದೊಂದೂ ಕಟಕಟ ಎನ್ನುತ್ತಿದ್ದವು, ನಮ್ಮ ಹಿತ್ತಲವರೆಗೆ ಕೇಳುವಷ್ಟು. ಬಾವನನ್ನು ಕರೆದು ತೋರಿಸಿದೆ. ಅವರು ಬಾಗಿಲಲ್ಲೇ ನಿಂತು ನೋಡಿದರು.

“ಹಳೇದು. ಎಷ್ಟ ದಿನಾ ಬಾಳಿಕಿ ಬರತೈತಿ ಇದು? ನಾ ಅವ್ರಿಗೆ ಮಾತ ಕೊಟ್ಟೀನಿ. ನಾಳೆ ಮುಂಜಾನೆ ಪೂಜಾಕ್ಕ ಬರಾವ್ರ ಅದಾರ.”

ನನಗೆ ಸಿಟ್ಟೂ ಬರಲಿಲ್ಲ. ಊರೂರು ತಿರುಗಿ, ಇಲಿಗೂಡು, ನೀಲಿ ಪರದೆ, ಕಂಡಕ್ಟರು, ಹಗ್ಗ ಎಲ್ಲ ದಾಟಿ ಬಂದವಳಿಗೆ ಇವರ ಮಾತು ಹೀಗೇ ಜಾರುತ್ತದೆಂದು ಮೊದಲೇ ಗೊತ್ತಿರಬೇಕಿತ್ತು. ಕೀಲಿಗಳ ಮೇಲಿಂದ ಕೈ ತೆಗೆದೆ.

ಪಡಸಾಲೆಯಲ್ಲಿ ಹಣತೆಗೆ ಎಣ್ಣೆ ಹಾಕುತ್ತಿದ್ದ ಅತ್ತೆ ಎದ್ದು ಬಂದರು. ಖೋಲಿಯ ಹೊಸ್ತಿಲ ಮೇಲೆ ಒಂದು ಹಣತೆ ಇಟ್ಟರು.

“ತೊರಗಲ್‌ನಾಗ ಒಂದ್ ಖೋಲಿ ನೋಡಿ ಬಂದೆ,” ಎಂದರು ಮಗನಿಗೆ. “ಹುಡುಗಿ ಬರದದ್ದು ಇನ್ನೂ ಗ್ವಾಡಿ ಮ್ಯಾಗ ಐತಿ. ಅದರ ಮುಂದ ಚೀಲ ಒಟ್ಯಾರ. ತಾಯಿ ಆ ಖೋಲ್ಯಾಗ ನಿಂತ್ರ ಆಕಿ ಮುಖಾ ನೋಡಾಕ ಆಗೂದಿಲ್ಲ. ಅಂಥಾ ಖೋಲಿ ನನ್ನ ಮನ್ಯಾಗ ಬ್ಯಾಡ. ಮಾತ ನೀ ಕೊಟ್ಟೀ, ನೀನ ಹೋಗಿ ತಿರುಗಿ ತಗೋ.”

ಬಾವ ಏನೋ ಹೇಳಲು ಹೋದರು. “ಹೊಸ್ತಲದಾಗ ದೀಪ ಐತಿ, ಸರದ್ ನಿಲ್ಲು,” ಎಂದರು ಅತ್ತೆ.

ಪೈಪಿನ ವ್ಯಾಪಾರಿ ಪಾಡ್ಯದ ಪೂಜೆಯನ್ನು ಬೇರೆಲ್ಲೋ ಮಾಡಿಕೊಂಡ. ಬಾವ ಬಹಳ ದಿನ ನನ್ನ ಕಡೆ ಮುಖ ಕೊಟ್ಟು ಮಾತಾಡಲಿಲ್ಲ. ಅದರಿಂದ ನನಗೆ ಯಾವ ನಷ್ಟವೂ ಆಗಲಿಲ್ಲ. ತುಳಸಿ ಲಗ್ನ ಮುಗಿಯುತ್ತಲೇ ಸೋದರಮಾವಂದಿರು ಮತ್ತೆ ನನ್ನ ಕುರ್ಚಿಯ ಹಿಂದೆ ನಿಂತು ಜಗಳ ಶುರುಮಾಡಿದರು. ಈ ಕೀಬೋರ್ಡಿನ ಸದ್ದಿಗೆ ಅವರ ಅರ್ಧ ಮಾತು ನನಗೆ ಕೇಳುತ್ತಿರಲಿಲ್ಲ, ಅದೊಂದು ಸುಖ.

ತೆಂಗಿನ ನೀರಿನ ವಿಷಯವನ್ನು ಅತ್ತೆ ಎಂದೂ ಎತ್ತಲಿಲ್ಲ. ನಾನು ಅಂದು ಕೂಗಾಡಿದ್ದನ್ನೂ ಎತ್ತಲಿಲ್ಲ. ಮುಂದಿನ ವರ್ಷ ಖಂಡೇಪೂಜೆ ಬಂತು. ಬೆಳಿಗ್ಗೆ ಕುಡಗೋಲು, ಈಳಿಗೆ, ಸಿಲಿಂಡರು ಎಲ್ಲ ಮುಗಿಸಿ, ಒಡೆದ ಕಾಯಿ ತಟ್ಟೆಯಲ್ಲಿಟ್ಟುಕೊಂಡು ಅವರು ಖೋಲಿಯ ಹೊಸ್ತಿಲಿಗೆ ಬಂದರು. ನಾನು ಎಂದಿನಂತೆ ಅವಸರದ ಕೆಲಸದಲ್ಲಿದ್ದೆ, ತಲೆಯೆತ್ತಿ ನೋಡಿದವಳೇ ಎರಡೂ ಕೈಗಳನ್ನು ಪೆಟ್ಟಿಗೆಯ ಮೇಲೆ ಅಡ್ಡ ಹಿಡಿದೆ. ಅತ್ತೆ ಒಳಗೆ ಬರಲಿಲ್ಲ. ತಟ್ಟೆ ಹಿಡಿದು ಅಲ್ಲಿಯೇ ನಿಂತರು.

“ಮದಲ ಅದನ್ನ ಬಂದ್ ಮಾಡವಾ,” ಎಂದರು. “ಆಮ್ಯಾಲ ಬರತೇನಿ.”